ಎಕ್ಸಲೇಟರ್ ಒತ್ತಿದಾಗ ಮಾತ್ರ ಕಾರು ನಡುಗುತ್ತದೆ, ಕಾಲು ತೆಗೆದರೆ ಸರಿಯಾಗುತ್ತದೆ. ಏನಿರಬಹುದು?

ಭರಮಸಾಗರ_ಟೀಚರ್:

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಮಾರುತಿ ಸ್ವಿಫ್ಟ್. ಪೆಟ್ರೋಲ್, ಮ್ಯಾನುಯಲ್ ಗೇರ್. ಹೊಸದುರ್ಗದವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಮನೆ ದಾವಣಗೆರೆಯಲ್ಲಿ, ಕೆಲಸ ಭರಮಸಾಗರದ ಹತ್ತಿರದ ಶಾಲೆಯಲ್ಲಿ. ಹಾಗಾಗಿ ದಿನಾ ಹೈವೇ ಮೇಲೆಯೇ ಓಡಾಟ. ನಮ್ಮ ಏರಿಯಾದ ಟೀಚರ್‌ಗಳು ಇಬ್ಬರು ಮೂವರು ನನ್ನ ಕಾರಿನಲ್ಲೇ ಬರುತ್ತಾರೆ.

ಸರ್ವಿಸ್ ರೋಡಿನಿಂದ ಹೈವೇಗೆ ಸೇರುವಾಗ ಮೂರನೇ ಗೇರಿನಲ್ಲಿ ಸ್ಪೀಡ್ ಎತ್ತಬೇಕಲ್ವಾ, ಆಗ ಕಾರು ನಡುಗುತ್ತದೆ. ಹೆಚ್ಚುಕಡಿಮೆ 40ರಿಂದ 70ರ ನಡುವೆ. ಸ್ಟೇರಿಂಗ್ ಮಾತ್ರ ಅಲ್ಲ, ಸೀಟು, ಡ್ಯಾಶ್‌ಬೋರ್ಡ್ ಎಲ್ಲ ಸೇರಿ ಎಡಕ್ಕೆ ಬಲಕ್ಕೆ ಅಲ್ಲಾಡುತ್ತದೆ. ಎಕ್ಸಲೇಟರಿನಿಂದ ಕಾಲು ಎತ್ತಿದ ಕೂಡಲೇ ನಿಲ್ಲುತ್ತದೆ. 80ರಲ್ಲಿ ಸಮನಾಗಿ ಹೋಗುತ್ತಿದ್ದರೆ ಏನೂ ಗೊತ್ತಾಗುವುದಿಲ್ಲ. ಫ್ಲೈಓವರ್ ಹತ್ತುವಾಗ ಮತ್ತೆ ಶುರು. ಒಬ್ಬಳೇ ಇದ್ದರೆ ಕಡಿಮೆ, ಹಿಂದೆ ಮೂವರು ಕೂತರೆ ಜಾಸ್ತಿ.

ಒಂದು ಕಡೆ ವೀಲ್ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿದೆ. ವ್ಯತ್ಯಾಸ ಆಗಲಿಲ್ಲ. ಇನ್ನೊಂದು ಗ್ಯಾರೇಜಿನಲ್ಲಿ ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಾಯಿಸಿದರು. ಅದರಿಂದಲೂ ಆಗಲಿಲ್ಲ. ಈಗ ಒಬ್ಬರು ನಾಲ್ಕೂ ಟೈರ್ ಹೊಸದು ಹಾಕಿ ಅನ್ನುತ್ತಾರೆ, ಮತ್ತೊಬ್ಬರು ಇಂಜಿನ್ ಮೌಂಟಿಂಗ್ (ಇಂಜಿನ್ನನ್ನು ಬಾಡಿಗೆ ಹಿಡಿದಿಡುವ ರಬ್ಬರ್) ಹೋಗಿದೆ ಅನ್ನುತ್ತಾರೆ. ಯಾರೂ ಕಾರು ಓಡಿಸಿ ನೋಡಲಿಲ್ಲ, ನಿಂತಲ್ಲೇ ಹೇಳಿದರು. ಒಂದೊಂದಾಗಿ ಎಲ್ಲವನ್ನೂ ಬದಲಾಯಿಸುತ್ತಾ ಹೋಗಲು ನನ್ನಲ್ಲಿ ದುಡ್ಡಿಲ್ಲ. ಯಾವುದು ಕೆಟ್ಟಿದೆ ಎಂದು ಮೊದಲು ಪತ್ತೆ ಮಾಡುವುದು ಹೇಗೆ? ಹಿಂಗೇ ಓಡಿಸಿದರೆ ಅಪಾಯ ಇದೆಯಾ? ದಯವಿಟ್ಟು ತಿಳಿದವರು ಹೇಳಿ.


ಹರಿಹರ_ಹುಡುಗ:

ಮೇಡಂ, ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ಲೈಟ್ ಬರುತ್ತಿದೆಯಾ? ನಮ್ಮ ಮನೆಯ ಪೆಟ್ರೋಲ್ ಕಾರು ಹೀಗೇ ಪಿಕಪ್ ಮಾಡುವಾಗ ಮಿಸ್ಸಿಂಗ್ ಹೊಡೆಯುತ್ತಿತ್ತು, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತುತ್ತಿರಲಿಲ್ಲ. ಪ್ಲಗ್ ಹೊಸದು ಹಾಕಿದರೂ ಹೋಗಲಿಲ್ಲ. ಕೊನೆಗೆ ನೋಡಿದರೆ ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಒಂದು ಇಗ್ನಿಷನ್ ಕಾಯಿಲ್ ಸತ್ತಿತ್ತು. ಕಾರಿನ ಕಂಪ್ಯೂಟರಿನಲ್ಲಿರುವ ತೊಂದರೆಯ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಪಿ0300 ಅಂತ ಬಂದರೆ ಅಲ್ಲೊಂದು ಇಲ್ಲೊಂದು ಸಿಲಿಂಡರ್ ಮಿಸ್ ಆಗುತ್ತಿದೆ ಎಂದು ಅರ್ಥ. ಪಿ0301 ಅಂದರೆ ಒಂದನೇ ಸಿಲಿಂಡರ್, ಪಿ0302 ಅಂದರೆ ಎರಡನೆಯದು, ಹೀಗೆ 4ರ ತನಕ. ಎರಡನೆಯದು ಬಂತು ಅನ್ನಿ. ಆ ಕಾಯಿಲನ್ನು ತೆಗೆದು ಮೂರನೆಯದಕ್ಕೆ ಹಾಕಿ ಮತ್ತೆ ಓಡಿಸಬೇಕು. ಕೋಡ್ ಕೂಡ ಮೂರಕ್ಕೆ ಹೋದರೆ ಕಾಯಿಲೇ ಕೆಟ್ಟಿರುವುದು. ಹೊಸ ಕಾಯಿಲ್ ತರುವ ಮೊದಲೇ ಗೊತ್ತಾಗುತ್ತದೆ.

ಲೈಟ್ ಸುಮ್ನೆ ಉರಿಯುವುದಲ್ಲದೆ ಮಿಣುಕುತ್ತಿದ್ದರೆ ಮಾತ್ರ ಕಾರು ಓಡಿಸಲೇಬೇಡಿ. ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುತ್ತದೆ. ಅದು ದೊಡ್ಡ ಖರ್ಚು.


ಶಾಮನೂರು_ರೋಡ್:

ಟೈರ್ ಬದಲಾಯಿಸುವ ಮೊದಲು ಟೈರನ್ನೇ ಒಮ್ಮೆ ನೋಡಿ ಮೇಡಂ. ಪಕ್ಕದ ಗೋಡೆಯಲ್ಲಿ ಉಬ್ಬು ಬಂದಿದೆಯಾ, ಒಳಬದಿ ಕೂಡ ಕೈಯಾಡಿಸಿ ನೋಡಬೇಕು. ಡಿಒಟಿ ಎಂದು ಇರುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2318 ಅಂದರೆ 2018ರ 23ನೇ ವಾರ. ಉಬ್ಬು ಇದ್ದರೆ ಆ ಟೈರ್ ಅವತ್ತೇ ಬದಲಾಯಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಟೈರ್ ತೊಂದರೆ ಆಗಿದ್ದರೆ ಕಾಲು ಎತ್ತಿದ ಕೂಡಲೇ ನಿಲ್ಲುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ.


ದುರ್ಗದ_ಮೇಸ್ತ್ರಿ:

ಮೇಡಂ, ನಾನು ಚಿತ್ರದುರ್ಗದಲ್ಲಿ ಹೈವೇ ಪಕ್ಕ ಗ್ಯಾರೇಜ್ ನಡೆಸಿದವನು. ಆಗ ಅದು ಎನ್‌ಎಚ್ 4, ಈಗ 48. ಈಗ ಮಗ ನೋಡಿಕೊಳ್ಳುತ್ತಾನೆ, ನಾನು ದಿನಾ ಹೋಗಿ ಕೂರುತ್ತೇನೆ. ನಿಮ್ಮ ಬರಹದಲ್ಲೇ ಅರ್ಧ ಉತ್ತರ ಇದೆ. ಆದರೂ ಈಗಲೇ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹೋಗಿ ಅದನ್ನೇ ಬದಲಾಯಿಸುತ್ತೀರಿ, ಅದು ಅಲ್ಲದಿದ್ದರೆ ಮತ್ತೆ ದುಡ್ಡು ಹೋಗುತ್ತದೆ.

ಎಲ್ಲಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಇದನ್ನು ಓದಿದ ಕೂಡಲೇ ಹೋಗಿ ವೀಲ್ ಸ್ಪ್ಯಾನರಿನಲ್ಲಿ ನಾಲ್ಕೂ ಚಕ್ರದ ನಟ್ ಟೈಟ್ ಇದೆಯಾ ನೋಡಿ. ಬ್ಯಾಲೆನ್ಸಿಂಗ್‌ಗೆ ಚಕ್ರ ಬಿಚ್ಚಿ ಹಾಕಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. ಉಳಿದ ಪರೀಕ್ಷೆ ಎಲ್ಲ ಆಮೇಲೆ.

ಕಾರು ನಡುಗಿದರೆ ನಾನು ಕೇಳುವುದು ಒಂದೇ. ಏನಾಗುತ್ತದೆ ಎಂದಲ್ಲ, ಯಾವಾಗ ಆಗುತ್ತದೆ? ನಡುಕ ಮೂರು ಕಡೆಯಿಂದ ಬರಬಹುದು. ಇಂಜಿನ್ ತಿರುಗುವುದರಿಂದ ಬರಬಹುದು, ಚಕ್ರ ತಿರುಗುವುದರಿಂದ ಬರಬಹುದು, ಇಲ್ಲವೇ ಇಂಜಿನ್ನಿನ ಬಲ ಚಕ್ರಕ್ಕೆ ಹೋಗುವ ದಾರಿಯಿಂದ ಬರಬಹುದು. ಮೂರನ್ನೂ ಬಿಡಿಸಿ ನೋಡಲು ಸಾಮಾನು ಬೇಡ, ಖಾಲಿ ರಸ್ತೆ ಇದ್ದರೆ ಸಾಕು. ಭಾನುವಾರ ಬೆಳಿಗ್ಗೆ ಲಾರಿ ಕಡಿಮೆ ಇರುವ ಹೊತ್ತಿಗೆ ಹೋಗಿ. ಪಕ್ಕದಲ್ಲಿ ಒಬ್ಬರು ಕೂತು ಬರೆದುಕೊಳ್ಳಲಿ.

ಕಾರು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಇಟ್ಟು, ಇಂಜಿನ್ನನ್ನು ನಿಧಾನಕ್ಕೆ ಮೂರು ಸಾವಿರ ಆರ್‌ಪಿಎಂ ತನಕ ಎತ್ತಿ. ಅಲ್ಲೇ ನಡುಗಿದರೆ ಇಂಜಿನ್ ಕಡೆ ನೋಡಬೇಕು. ನಡುಗಲಿಲ್ಲ ಅಂದ ಮಾತ್ರಕ್ಕೆ ಇಂಜಿನ್ ಪೂರ್ತಿ ಸರಿ ಎಂದೂ ಅಲ್ಲ. ಕೆಲವು ಕಾಯಿಲ್ ಲೋಡ್ ಬಿದ್ದಾಗ ಮಾತ್ರ ಕೈ ಕೊಡುತ್ತವೆ. ಹರಿಹರದ ತಮ್ಮ ಹೇಳಿದ ಸ್ಕ್ಯಾನರ್ ಅದಕ್ಕೇ ಬೇಕು.

ಆಮೇಲೆ ರಸ್ತೆಗೆ ಹೋಗಿ. ಮೂರನೇ ಗೇರಿನಲ್ಲಿ 40ರಿಂದ 70ಕ್ಕೆ ಎತ್ತಿ, ನಡುಕ ಯಾವ ಸ್ಪೀಡಿನಲ್ಲಿ ಜಾಸ್ತಿ ಎಂದು ನೋಡಿ. ಅದೇ ಕೆಲಸವನ್ನು ನಾಲ್ಕನೇ ಗೇರಿನಲ್ಲಿ ಮಾಡಿ. 60ರ ಸ್ಪೀಡಿಗೆ ಗೇರ್ ಯಾವುದೇ ಇರಲಿ, ಚಕ್ರ ತಿರುಗುವುದು ಅಷ್ಟೇ ಸುತ್ತು. ಇಂಜಿನ್ ಮಾತ್ರ ಬೇರೆ ಸುತ್ತಿನಲ್ಲಿ ತಿರುಗುತ್ತದೆ. ಗೇರ್ ಬದಲಾದರೆ ನಡುಗುವ ಸ್ಪೀಡೂ ಬದಲಾಯಿತು ಅಂದರೆ ಇಂಜಿನ್ ಕಡೆಯದು. ಸ್ಪೀಡ್ ಬದಲಾಗಲಿಲ್ಲ ಅಂದರೆ ಇಂಜಿನ್ ಬಿಟ್ಟುಬಿಡಿ, ಚಕ್ರ ಅಥವಾ ಚಕ್ರಕ್ಕೆ ಬಲ ಒಯ್ಯುವ ಶಾಫ್ಟ್ ಕಡೆ ಬನ್ನಿ.

ಕೊನೆಯದು. 70ರಲ್ಲಿ ಹೋಗುವಾಗ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ಹಾಕಿ, ಕಾರು ತಾನೇ ಉರುಳಲಿ. ಕೀ ಮಾತ್ರ ಆಫ್ ಮಾಡಬೇಡಿ. ಇಂಜಿನ್ ನಿಂತರೆ ಪವರ್ ಸ್ಟೇರಿಂಗ್ ಹೋಗುತ್ತದೆ, ಬ್ರೇಕ್ ಕೂಡ ಗಟ್ಟಿಯಾಗುತ್ತದೆ. ಹೀಗೆ ಉರುಳುವಾಗಲೂ ನಡುಗಿದರೆ ಟೈರ್, ರಿಮ್, ವೀಲ್ ಬೇರಿಂಗ್ ನೋಡಬೇಕು. ನಿಂತುಹೋದರೆ ಬಲ ಹೋಗುವ ದಾರಿಯಲ್ಲೇ ಇದೆ.

ಇನ್ನೊಂದು ನೋಡಿ. ಮುಂದಿನ ಚಕ್ರಗಳ ಒಳಬದಿಯಲ್ಲಿ, ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಬರುವ ಎರಡು ಡ್ರೈವ್ ಶಾಫ್ಟ್ ಇರುತ್ತವೆ. ನಮ್ಮ ಕಡೆ ಆಕ್ಸಲ್ ಅನ್ನುತ್ತಾರೆ. ಒಂದೊಂದರ ಎರಡು ತುದಿಗೂ ಜಾಯಿಂಟ್, ಆ ಜಾಯಿಂಟ್ ಮುಚ್ಚುವ ರಬ್ಬರ್ ಚೀಲವೇ ಬೂಟ್. ಚಕ್ರದ ಹತ್ತಿರದ್ದು ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಕಾಣುತ್ತದೆ. ಗೇರ್‌ಬಾಕ್ಸ್ ಹತ್ತಿರದ್ದನ್ನು ಬಗ್ಗಿ ಟಾರ್ಚ್ ಹಾಕಿಯೇ ನೋಡಬೇಕು, ಅದಕ್ಕೇ ಯಾರೂ ನೋಡುವುದಿಲ್ಲ. ಸುತ್ತಮುತ್ತ ಕಪ್ಪು ಗ್ರೀಸ್ ಚೆಲ್ಲಿದೆಯಾ ನೋಡಿ ಹೇಳಿ. ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಮಾತ್ರ ಯಾರೂ ತೂರಬಾರದು.


ಭರಮಸಾಗರ_ಟೀಚರ್:

ಸರ್, ನೀವು ಹೇಳಿದ್ದನ್ನೆಲ್ಲ ಮಾಡಿದೆ. ನನ್ನ ಮೈದುನ ಪಕ್ಕದಲ್ಲಿ ಕೂತು ಬರೆದುಕೊಂಡ.

ನಟ್ ಎಲ್ಲ ಟೈಟ್ ಇವೆ. ಇಂಜಿನ್ ಲೈಟ್ ಇಲ್ಲ. ಸ್ನೇಹಿತರೊಬ್ಬರ ಸ್ಕ್ಯಾನರ್ ಹಾಕಿದೆವು, ಯಾವ ಕೋಡೂ ಬರಲಿಲ್ಲ. ನಿಂತಲ್ಲಿ ಎಷ್ಟು ರೇಸ್ ಮಾಡಿದರೂ ನಡುಕ ಇಲ್ಲ. ರಸ್ತೆಯಲ್ಲಿ ಮೂರನೇ ಗೇರಿನಲ್ಲೂ ನಾಲ್ಕನೇ ಗೇರಿನಲ್ಲೂ ನಡುಗುವುದು ಅದೇ 45ರಿಂದ 65ರ ನಡುವೆ. ನಾಲ್ಕನೆಯದರಲ್ಲಿ ಸ್ವಲ್ಪ ಕಡಿಮೆ. ನ್ಯೂಟ್ರಲ್‌ಗೆ ಹಾಕಿದರೆ ಪೂರ್ತಿ ಮಾಯ, ಕಾರು ನೀರಿನ ಹಾಗೆ ಹೋಗುತ್ತದೆ. ಎಕ್ಸಲೇಟರ್ ಮೆಲ್ಲಗೆ ಒತ್ತಿದರೆ ಅದೇ ಸ್ಪೀಡಿನಲ್ಲಿ ಬರೀ ಸಣ್ಣ ನಡುಕ, ಜೋರಾಗಿ ಒತ್ತಿದರೆ ಜೋರು. ತಿರುವಿನಲ್ಲಿ ಟಕ ಟಕ ಶಬ್ದ ಇಲ್ಲ.

ಮೈದುನ ಮೊಬೈಲ್ ಟಾರ್ಚ್ ಹಾಕಿ ನೋಡಿದ. ಎಡಗಡೆ ಗೇರ್‌ಬಾಕ್ಸ್ ಹತ್ತಿರದ ಬೂಟಿನಲ್ಲಿ ಸೀಳು ಇದೆಯಂತೆ. ಸುತ್ತ ಕಪ್ಪಗೆ ಜಿಡ್ಡು, ಅದರ ಮೇಲೆ ಧೂಳು ಅಂಟಿದೆ. ಫೋಟೋ ಹಾಕಿದ್ದೇನೆ.


ದುರ್ಗದ_ಮೇಸ್ತ್ರಿ:

ಬಹಳ ಚೆನ್ನಾಗಿ ನೋಡಿದ್ದೀರಿ ಮೇಡಂ. ಮೈದುನನಿಗೂ ಹೇಳಿ. ಇಷ್ಟು ಬರೆದುಕೊಂಡು ಹೋದರೆ ಯಾವ ಗ್ಯಾರೇಜಿನವನೂ ನಿಮಗೆ ಟೈರ್ ಮಾರುವುದಿಲ್ಲ.

ನಿಮ್ಮದು ಎಡಗಡೆ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್. ಈಗ ಧೈರ್ಯವಾಗಿ ಹೇಳುತ್ತೇನೆ. ಗೇರ್ ಬದಲಾದರೂ ಸ್ಪೀಡ್ ಅದೇ, ಹಾಗಾಗಿ ಇಂಜಿನ್ ಅಲ್ಲ. ನ್ಯೂಟ್ರಲ್‌ನಲ್ಲಿ ಇಲ್ಲ, ಹಾಗಾಗಿ ಟೈರೂ ಅಲ್ಲ, ಬ್ಯಾಲೆನ್ಸಿಂಗೂ ಅಲ್ಲ. ಬಲ ಹೆಚ್ಚಾದಷ್ಟೂ ನಡುಕ ಹೆಚ್ಚು. ನಾಲ್ಕನೇ ಗೇರಿನಲ್ಲಿ ಕಡಿಮೆ ಆದದ್ದು ಅದಕ್ಕೇ. ಆ ಗೇರಿನಲ್ಲಿ ಚಕ್ರಕ್ಕೆ ಬೀಳುವ ತಿರುಚು ಬಲ ಮೂರನೆಯದಕ್ಕಿಂತ ಕಡಿಮೆ.

ಒಳಗೆ ಏನಾಗಿದೆ ಹೇಳುತ್ತೇನೆ, ತಿಳಿದಿದ್ದರೆ ಒಳ್ಳೆಯದು. ಚಕ್ರ ಗುಂಡಿಗೆ ಇಳಿದಾಗ, ಹಂಪ್ ಹತ್ತಿದಾಗ ಮೇಲೆ ಕೆಳಗೆ ಆಡುತ್ತದೆ. ಗೇರ್‌ಬಾಕ್ಸ್ ಹಾಗೆ ಆಡುವುದಿಲ್ಲ. ಆದ್ದರಿಂದ ನಡುವಿನ ಶಾಫ್ಟ್ ಉದ್ದ ಗಿಡ್ಡ ಆಗಬೇಕು, ಓರೆಯಾಗಿಯೂ ತಿರುಗಬೇಕು. ಅದಕ್ಕೆ ಒಳಗಿನ ಜಾಯಿಂಟಿನಲ್ಲಿ ಮೂರು ಕಾಲಿನ ಒಂದು ಕೊಂಡಿ ಇದೆ. ಒಂದೊಂದು ಕಾಲಿಗೂ ಒಂದು ರೋಲರ್. ಮೂರು ರೋಲರ್ ಉದ್ದಕ್ಕೆ ಕೊರೆದ ಮೂರು ಹಾದಿಯಲ್ಲಿ ಹಿಂದೆ ಮುಂದೆ ಜಾರುತ್ತಿರುತ್ತವೆ. ಟ್ರೈಪಾಡ್ ಜಾಯಿಂಟ್ ಅನ್ನುವುದು ಇದನ್ನೇ. ಗ್ರೀಸ್ ಇರುವ ತನಕ ಏನೂ ಆಗುವುದಿಲ್ಲ. ಬೂಟ್ ಸೀಳಿತು, ಗ್ರೀಸ್ ಹೊರಗೆ ಹೋಯಿತು, ಧೂಳು ಒಳಗೆ ಬಂತು ಅಂದರೆ ರೋಲರ್ ನಿಂತಲ್ಲೇ ತಿಕ್ಕಿ ತಿಕ್ಕಿ ಹಾದಿಯಲ್ಲಿ ತಗ್ಗು ಬೀಳುತ್ತದೆ. ಆಮೇಲೆ ಬಲ ಬಿದ್ದಾಗ ರೋಲರ್ ಸಲೀಸಾಗಿ ಜಾರದೆ ಆ ತಗ್ಗಿನಲ್ಲಿ ಹಿಡಿದುಕೊಳ್ಳುತ್ತದೆ, ಶಾಫ್ಟನ್ನು ಪಕ್ಕಕ್ಕೆ ತಳ್ಳುತ್ತದೆ. ನಿಮ್ಮ ಕಾರು ಮೇಲೆ ಕೆಳಗೆ ಕುಣಿಯದೆ ಎಡಕ್ಕೆ ಬಲಕ್ಕೆ ಅಲ್ಲಾಡುವುದು ಇದರಿಂದಲೇ.

ರೋಲರ್ ಮೂರು ಇರುವುದರಿಂದ ಚಕ್ರದ ಒಂದು ಸುತ್ತಿಗೆ ಮೂರು ತಳ್ಳು. ನಿಮ್ಮ ಟೈರ್ 165/80 ಆರ್14 ಆಗಿದ್ದರೆ ಒಂದು ಸುತ್ತಿಗೆ ಕಾರು 1.95 ಮೀಟರಿನಷ್ಟು ಹೋಗುತ್ತದೆ. 60ರ ಸ್ಪೀಡಿನಲ್ಲಿ ಸೆಕೆಂಡಿಗೆ ಎಂಟೂವರೆ ಸುತ್ತು, ಅಂದರೆ 25ಕ್ಕೂ ಹೆಚ್ಚು ತಳ್ಳು. ಬ್ಯಾಲೆನ್ಸ್ ತಪ್ಪಿದ ಚಕ್ರ ಒಂದು ಸುತ್ತಿನಲ್ಲಿ ಒಂದೇ ಸಲ ಏಟು ಕೊಡುತ್ತದೆ. ರೂಢಿ ಇದ್ದವರಿಗೆ ಸೀಟಿನಲ್ಲಿ ಕೂತರೆ ಎರಡರ ವ್ಯತ್ಯಾಸ ಗೊತ್ತಾಗುತ್ತದೆ.

ಟಕ ಟಕ ಶಬ್ದ ಬರುವುದು ಚಕ್ರದ ಹತ್ತಿರದ ಹೊರಗಿನ ಜಾಯಿಂಟ್ ಸವೆದಾಗ. ನಿಮ್ಮದು ಅದಲ್ಲ. ಬಹಳ ಜನ ಶಬ್ದ ಇಲ್ಲ ಅಂದರೆ ಆಕ್ಸಲ್ ಸರಿ ಇದೆ ಅಂದುಬಿಡುತ್ತಾರೆ. ಒಳಗಿನ ಜಾಯಿಂಟ್ ಶಬ್ದ ಮಾಡದೆಯೇ ಸವೆಯುತ್ತದೆ.

ಅಪಾಯ ಕೇಳಿದಿರಿ. ಇವತ್ತೇ ಮುರಿಯುವಂಥದ್ದಲ್ಲ. ಬ್ರೇಕಿಗೂ ಇದಕ್ಕೂ ಸಂಬಂಧ ಇಲ್ಲ. ಆದರೆ ಪೂರ್ತಿ ಹೋದರೆ ಕಾರು ನಿಂತಲ್ಲೇ ನಿಲ್ಲುತ್ತದೆ. ಒಂದು ಕಡೆ ಶಾಫ್ಟ್ ಬಿಟ್ಟರೆ ಇನ್ನೊಂದು ಕಡೆಗೂ ಬಲ ಹೋಗುವುದಿಲ್ಲ, ಎರಡು ಕಡೆಗೂ ಬಲ ಹಂಚುವ ಡಿಫರೆನ್ಷಿಯಲ್ ಇರುವುದೇ ಹಾಗೆ. ಲಾರಿ ಓಡಾಡುವ ಹೈವೇಯಲ್ಲಿ ಹಾಗೆ ಆಗುವುದು ಬೇಡ. ಸರಿ ಮಾಡಿಸುವ ತನಕ ನಾಲ್ಕು ಜನ ಕೂರಬೇಡಿ, ಜೋರಾಗಿ ಪಿಕಪ್ ಮಾಡಬೇಡಿ. ಹಾಗಂತ ತಿಂಗಳುಗಟ್ಟಲೆ ಎಳೆಯಲೂ ಬೇಡಿ.

ಕೆಲಸ ಮಾಡಿಸುವಾಗ ಪಕ್ಕದಲ್ಲಿ ನಿಲ್ಲಿ. ನೋಡಲು ಯಾರೂ ಬೇಡ ಅನ್ನುವುದಿಲ್ಲ. ಮೊದಲು ಇಂಜಿನ್ ಮೌಂಟಿಂಗ್ ನೋಡಿಸಿ, ಬಾನೆಟ್ ಎತ್ತಿದರೆ ಸಾಕು. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿ ಹಿಡಿದು, ಒಂದನೇ ಗೇರಿನಲ್ಲಿ ಕ್ಲಚ್ ಸ್ವಲ್ಪವೇ ಬಿಡಬೇಕು. ರಿವರ್ಸ್‌ನಲ್ಲೂ ಹಾಗೇ. ಇಂಜಿನ್ ಸ್ವಲ್ಪ ವಾಲುವುದು ಸಹಜ. ಎದ್ದು ಬಿದ್ದು ಧಡ್ ಎಂದರೆ ಮೌಂಟಿಂಗ್ ಹೋಗಿದೆ. ನೋಡುವವರು ಕಾರಿನ ಪಕ್ಕದಲ್ಲಿ ನಿಲ್ಲಬೇಕು, ಮುಂದೆ ನಿಲ್ಲಲೇಬಾರದು. ಮೌಂಟಿಂಗ್ ಕುಸಿದಿದ್ದರೆ ಶಾಫ್ಟ್ ಓರೆ ಜಾಸ್ತಿಯಾಗಿ ಹೊಸ ಜಾಯಿಂಟೂ ಬೇಗ ಸವೆಯುತ್ತದೆ. ಅದಕ್ಕೇ ಎರಡನ್ನೂ ನೋಡಬೇಕು.

ಶಾಫ್ಟ್ ತೆಗೆಯುವ ಮುನ್ನ ಗೇರ್ ಆಯಿಲ್ ಇಳಿಸಬೇಕು, ಇಲ್ಲದಿದ್ದರೆ ನೆಲಕ್ಕೆ ಹೋಗುತ್ತದೆ. ಚಕ್ರದ ನಡುವಿನ ದೊಡ್ಡ ನಟ್ಟನ್ನು, ಅಂದರೆ ಹಬ್ ನಟ್ಟನ್ನು, ಚಕ್ರ ನೆಲದ ಮೇಲೆ ಇರುವಾಗಲೇ ಸಡಿಲ ಮಾಡಬೇಕು. ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿ ಹಬ್ ಹೊರಕ್ಕೆ ಎಳೆದು, ಗೇರ್‌ಬಾಕ್ಸ್ ಕಡೆ ಜಾಯಿಂಟಿನ ಬುಡಕ್ಕೆ ಕಬ್ಬಿಣದ ಪಟ್ಟಿ ಕೊಟ್ಟು ಮೀಟಿ ತೆಗೆಯಬೇಕು. ಶಾಫ್ಟ್ ಹಿಡಿದು ಜಗ್ಗಿದರೆ ಜಾಯಿಂಟ್ ಒಳಗೇ ಕಳಚಿಕೊಳ್ಳುತ್ತದೆ. ಎಬಿಎಸ್ ಇದ್ದರೆ ಅದರ ವೈರ್ ಜೋಪಾನ.

ಬೂಟ್ ಬಿಡಿಸಿ ಹಳೇ ಗ್ರೀಸ್ ಪೂರ್ತಿ ಒರೆಸಿದ ಮೇಲೆ ಆ ಮೂರು ಹಾದಿಗಳ ಮೇಲೆ ನಿಮ್ಮ ಉಗುರನ್ನೇ ಆಡಿಸಿ. ಉಗುರು ತಡೆದರೆ ಜಾಯಿಂಟ್ ಬದಲಾಯಿಸಲೇಬೇಕು. ಬರೀ ಬೂಟ್ ಮತ್ತು ಗ್ರೀಸ್ ಹಾಕಿ ಕಳಿಸಿದರೆ ನಡುಕ ಹೋಗುವುದಿಲ್ಲ. ಉಗುರು ತಡೆಯದೆ ನುಣ್ಣಗಿದ್ದರೆ ಬೂಟ್ ಕಿಟ್ ಸಾಕು. ಈ ಒಂದು ನಿರ್ಧಾರ ಕಣ್ಣಾರೆ ನೋಡಿಯೇ ಆಗಬೇಕು.

ಕೊನೆಗೊಂದು ಪ್ರಶ್ನೆ. ಕಾರಿನ ಮುಂಭಾಗ ಎತ್ತರ ಮಾಡಿಸಿದ್ದಾರಾ? ಹಂಪ್ ತಾಗುತ್ತದೆ ಎಂದು ಸ್ಪ್ರಿಂಗ್ ನಡುವೆ ರಬ್ಬರ್ ತುಂಡು ಹಾಕಿಸುತ್ತಾರಲ್ಲ, ಅದನ್ನೂ ನೋಡಿಸಿ.


ಹರಿಹರ_ಹುಡುಗ:

ಯಜಮಾನ್ರೇ, ಬರೀ ಒಳಗಿನ ಜಾಯಿಂಟ್ ಹಾಕಿಸುವುದು ಒಳ್ಳೆಯದಾ, ಪೂರ್ತಿ ಶಾಫ್ಟ್ ಬದಲಾಯಿಸುವುದು ಒಳ್ಳೆಯದಾ? ಗುಜರಿಯಲ್ಲಿ ಹಳೇ ಕಾರಿನ ಶಾಫ್ಟ್ ಕಡಿಮೆಗೆ ಸಿಗುತ್ತದಲ್ಲ?


ದುರ್ಗದ_ಮೇಸ್ತ್ರಿ:

ಗುಜರಿ ಶಾಫ್ಟ್ ಬೇಡ ತಮ್ಮಾ. ಹೊರಗೆ ಬೂಟ್ ಹೊಸದಾಗಿ ಹೊಳೆಯುತ್ತಿರುತ್ತದೆ, ಒಳಗೆ ಹಾದಿ ಸವೆದಿರುತ್ತದೆ. ಬಿಚ್ಚದೆ ಗೊತ್ತಾಗುವುದಿಲ್ಲ. ಕೆಲಸದ ಕೂಲಿ ಎರಡು ಸಲ ಕೊಡಬೇಕಾಗುತ್ತದೆ.

ಹೊರಗಿನ ಜಾಯಿಂಟ್ ಗಟ್ಟಿ ಇದ್ದು ಅದರ ಬೂಟ್ ಸರಿ ಇದ್ದರೆ ಒಳಗಿನ ಜಾಯಿಂಟ್ ಕಿಟ್ ಮಾತ್ರ ಸಾಕು. ಎರಡೂ ಸವೆದಿದ್ದರೆ ಪೂರ್ತಿ ಶಾಫ್ಟ್ ಹಾಕುವುದೇ ಲಾಭ. ಸಾಮಾನು ತರುವಾಗ ಸುಮ್ನೆ ಸ್ವಿಫ್ಟ್ ಎಂದು ಹೇಳಬಾರದು. ಪೆಟ್ರೋಲಿನದು ಬೇರೆ, ಡೀಸೆಲಿನದು ಬೇರೆ, ಎಡ ಬಲ ಕೂಡ ಬೇರೆ. ಚಾಸಿಸ್ ನಂಬರ್ ಕೊಟ್ಟು ತರಬೇಕು.

ಗ್ರೀಸ್ ವಿಷಯಕ್ಕೆ ಬಹಳ ಗ್ಯಾರೇಜಿನಲ್ಲಿ ಗಮನ ಕೊಡುವುದಿಲ್ಲ, ನನಗೆ ಅದು ಬೇಜಾರು. ಡಬ್ಬಿಯಲ್ಲಿ ಇರುವ ವೀಲ್ ಬೇರಿಂಗ್ ಗ್ರೀಸನ್ನೇ ಇದಕ್ಕೂ ತುಂಬುತ್ತಾರೆ. ಒಳಗಿನ ಜಾಯಿಂಟಿಗೆ ಒಂದು ಬಗೆ, ಹೊರಗಿನದಕ್ಕೆ ಇನ್ನೊಂದು ಬಗೆ ಗ್ರೀಸ್. ಕಿಟ್ ಜೊತೆ ಬರುವ ಪೊಟ್ಟಣದಲ್ಲಿ ಲೆಕ್ಕ ಹಾಕಿಯೇ ಕೊಟ್ಟಿರುತ್ತಾರೆ. ಅದನ್ನು ಪೂರ್ತಿ ಹಾಕಬೇಕು, ಬೇರೆಯದನ್ನು ಬೆರೆಸಬಾರದು. ಗೇರ್‌ಬಾಕ್ಸ್ ಬಾಯಿಯ ಆಯಿಲ್ ಸೀಲ್ ಅದೇ ಹೊತ್ತಿಗೆ ಹೊಸದು ಹಾಕಿಸಿ. ಹಬ್ ನಟ್ ಹೊಸದೇ ಇರಲಿ, ಟಾರ್ಕ್ ರೆಂಚಿನಲ್ಲಿ ಬಿಗಿದು ಅದರ ಅಂಚನ್ನು ಶಾಫ್ಟಿನಲ್ಲಿ ಕೊರೆದ ಸಂದಿಗೆ ಬಡಿದು ಲಾಕ್ ಮಾಡಬೇಕು. ಗೇರ್ ಆಯಿಲ್ ಕಾರಿನ ಪುಸ್ತಕದಲ್ಲಿ ಹೇಳಿದ ಗ್ರೇಡೇ ಹಾಕಬೇಕು. ಸ್ಟ್ರಟ್ (ಮುಂದಿನ ಶಾಕ್ ಅಬ್ಸಾರ್ಬರ್) ಬೋಲ್ಟ್ ಬಿಚ್ಚಿದ್ದರೆ ಮಾತ್ರ ಮತ್ತೆ ಅಲೈನ್‌ಮೆಂಟ್.


ಭರಮಸಾಗರ_ಟೀಚರ್:

ಸರ್, ಕೆಲಸ ಆಯಿತು. ದಾವಣಗೆರೆಯಲ್ಲೇ ಮಾಡಿಸಿದೆ. ಪಕ್ಕದಲ್ಲೇ ನಿಂತು ನೋಡಿದೆ. ನೀವು ಹೇಳಿದ ಹಾಗೆ ಉಗುರು ಆಡಿಸಿದೆ. ಎರಡು ಹಾದಿಯಲ್ಲಿ ಚೆನ್ನಾಗಿ ತಡೆಯಿತು, ಮೂರನೆಯದು ನುಣ್ಣಗಿತ್ತು. ಒಂದು ರೋಲರ್ ತಿರುಗುತ್ತಲೇ ಇರಲಿಲ್ಲ. ಒಳಗೆ ಉಳಿದಿದ್ದ ಗ್ರೀಸ್ ಮರಳು ಮರಳಾಗಿತ್ತು. ಹೊರಗಿನ ಜಾಯಿಂಟ್ ಸರಿ ಇತ್ತು, ಹಾಗಾಗಿ ಒಳಗಿನ ಜಾಯಿಂಟ್ ಕಿಟ್, ಆಯಿಲ್ ಸೀಲ್, ಗೇರ್ ಆಯಿಲ್, ಹೊಸ ನಟ್ ಅಷ್ಟೇ. ಕೂಲಿ ಸೇರಿ ಐದು ಸಾವಿರ ದಾಟಲಿಲ್ಲ. ನಾಲ್ಕು ಟೈರ್ ಹಾಕಿಸಿದ್ದರೆ ಎಷ್ಟಾಗುತ್ತಿತ್ತು ಎಂದು ನಿಮಗೆ ಗೊತ್ತು. ಮೌಂಟಿಂಗ್ ಕೂಡ ನೋಡಿದರು, ಸರಿ ಇದೆ.

ನಿಮ್ಮ ಕೊನೆಯ ಪ್ರಶ್ನೆಯೂ ನಿಜವಾಯಿತು. ಮುಂದಿನ ಎರಡೂ ಸ್ಪ್ರಿಂಗಿನಲ್ಲಿ ದಪ್ಪ ರಬ್ಬರ್ ತುಂಡು ಇತ್ತು. ಮೊದಲಿದ್ದವರು ಹಾಕಿಸಿರಬೇಕು. ತೆಗೆಸಿದೆ. ಈಗ ನಮ್ಮ ಶಾಲೆ ರಸ್ತೆಯ ಹಂಪಿನಲ್ಲಿ ನಿಧಾನಕ್ಕೆ ಓರೆಯಾಗಿ ಹತ್ತಿಸುತ್ತೇನೆ, ತಾಗುವುದಿಲ್ಲ.

ಮೊನ್ನೆ ನಾಲ್ಕು ಜನ ಕೂತು ಮೂರನೇ ಗೇರಿನಲ್ಲಿ ಫ್ಲೈಓವರ್ ಹತ್ತಿಸಿದೆ. ಸ್ವಲ್ಪವೂ ನಡುಕ ಇಲ್ಲ. ಹಿಂದೆ ಕೂತ ಟೀಚರ್ ಕಾರು ಬದಲಾಯಿಸಿದ್ರಾ ಎಂದು ಕೇಳಿದರು. ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಆ ರಬ್ಬರ್ ತುಂಡಿನಿಂದ ಹೇಗೆ ಇದಾಗುತ್ತದೆ ಎಂದು ಮಾತ್ರ ತಿಳಿಯಲಿಲ್ಲ.


ದುರ್ಗದ_ಮೇಸ್ತ್ರಿ:

ಬಹಳ ಸಂತೋಷ ಮೇಡಂ. ರಬ್ಬರ್ ಹಾಕಿದರೆ ಬಾಡಿ ಮೇಲೆ ಹೋಗುತ್ತದೆ, ಬಾಡಿಯ ಜೊತೆ ಕಟ್ಟಿದ ಗೇರ್‌ಬಾಕ್ಸೂ ಮೇಲೆ ಹೋಗುತ್ತದೆ. ಚಕ್ರ ನೆಲದಲ್ಲೇ ಇರುತ್ತದೆ. ಹಾಗಾಗಿ ಶಾಫ್ಟ್ ಜಾಸ್ತಿ ಓರೆಯಾಗಿ ತಿರುಗಬೇಕು. ಓರೆ ಹೆಚ್ಚಾದಷ್ಟೂ ಆ ರೋಲರ್‌ಗಳು ಒಂದೊಂದು ಸುತ್ತಿಗೂ ಹೆಚ್ಚು ದೂರ ಜಾರಬೇಕು, ಬೂಟಿನ ಮಡಿಕೆಯೂ ಜಾಸ್ತಿ ಮಡಚಿ ಬಿಚ್ಚಬೇಕು. ಬೂಟ್ ಬೇಗ ಸೀಳುತ್ತದೆ. ಹಿಂದೆ ಮೂವರು ಕೂತಾಗ ಕಾರಿನ ತೂಕ ಹೆಚ್ಚಾಗುತ್ತದೆ. ತೂಕ ಎಳೆಯಲು ಬಲವೂ ಹೆಚ್ಚು ಬೇಕು. ನಿಮ್ಮ ನಡುಕ ಆಗ ಜಾಸ್ತಿ ಆಗುತ್ತಿದ್ದದ್ದು ಅದಕ್ಕೇ.

ಹೈವೇ ಪಕ್ಕ ಮೆಕ್ಕೆಜೋಳ ಒಣ ಹಾಕುವ ಕಾಲದಲ್ಲಿ ದಂಟು, ರವದಿ ಕೆಳಗೆ ಸಿಕ್ಕಿಕೊಂಡು ಬೂಟಿಗೆ ತಾಗುತ್ತಿರುತ್ತದೆ. ಪ್ರತಿ ಸಲ ಇಂಜಿನ್ ಆಯಿಲ್ ಬದಲಾಯಿಸುವಾಗ ಕಾರು ಲಿಫ್ಟ್ ಮೇಲೆ ಇರುತ್ತದಲ್ವಾ, ಆಗ ನಾಲ್ಕೂ ಬೂಟ್ ನೋಡಿಸಿ. ಬಲಗಡೆಯದನ್ನು ಮರೆಯಬೇಡಿ, ಅದಕ್ಕೂ ವಯಸ್ಸು ಅಷ್ಟೇ ಆಗಿದೆ. ಸಣ್ಣ ಸೀಳು ಇರುವಾಗಲೇ ಹಿಡಿದರೆ ಬೂಟ್ ಮತ್ತು ಗ್ರೀಸಿನಲ್ಲೇ ಮುಗಿಯುತ್ತದೆ.


ಚನ್ನಗಿರಿ_ಬೊಲೆರೊ:

ಅಣ್ಣಾ, ಇದನ್ನೆಲ್ಲ ಓದಿ ನಾನೂ ಕೇಳುತ್ತಿದ್ದೇನೆ. ನಮ್ಮದು ಬೊಲೆರೊ. ತೋಟದಿಂದ ಅಡಿಕೆ ಚೀಲ ತುಂಬಿಕೊಂಡು ಬರುವಾಗ ನಿಂತಲ್ಲಿಂದ ಎತ್ತುವಾಗ ಧಡಧಡ ನಡುಗುತ್ತದೆ. ಖಾಲಿ ಇದ್ದಾಗ ಕಡಿಮೆ. ಇದೂ ಅದೇ ಜಾಯಿಂಟಾ?


ದುರ್ಗದ_ಮೇಸ್ತ್ರಿ:

ಅಲ್ಲ ತಮ್ಮಾ. ಬೊಲೆರೊದಲ್ಲಿ ಬಲ ಹೋಗುವುದು ಹಿಂದಿನ ಚಕ್ರಕ್ಕೆ, ಪ್ರೊಪೆಲ್ಲರ್ ಶಾಫ್ಟ್ ಮೂಲಕ. ಮೊದಲು ಕ್ಲಚ್ಚಾ ಶಾಫ್ಟಾ ಎಂದು ಬಿಡಿಸಿಕೋ. ಕ್ಲಚ್ ಅರ್ಧ ಬಿಟ್ಟಿರುವಾಗ ಮಾತ್ರ ನಡುಗಿ, ಪೂರ್ತಿ ಬಿಟ್ಟ ಕೂಡಲೇ ನಿಂತರೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್ ಕಡೆ ನೋಡಬೇಕು. ಕ್ಲಚ್ ಪೂರ್ತಿ ಬಿಟ್ಟ ಮೇಲೂ ಎಕ್ಸಲೇಟರ್ ಒತ್ತಿದಷ್ಟು ಹೊತ್ತು ನಡುಗಿದರೆ ಶಾಫ್ಟ್ ಕಡೆ.

ಶಾಫ್ಟಿನ ತುದಿಗಳಲ್ಲಿ ಯೂನಿವರ್ಸಲ್ ಜಾಯಿಂಟ್ ಇರುತ್ತದೆ, ನಾವು ಕ್ರಾಸ್ ಅನ್ನುತ್ತೇವೆ. ಗಾಡಿ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ ಶಾಫ್ಟನ್ನು ಕೈಯಲ್ಲಿ ತಿರುಚಿ, ಮೇಲೆ ಕೆಳಗೆ ಅಲ್ಲಾಡಿಸಿ ನೋಡು. ಕ್ರಾಸಿನಲ್ಲಿ ಒಂಚೂರೂ ಆಟ ಇರಬಾರದು. ಕ್ರಾಸಿನ ನಾಲ್ಕು ತುದಿಯ ಬೇರಿಂಗ್ ಕಪ್‌ಗಳ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಒಣಗಿದೆ. ನಿನ್ನ ಗಾಡಿಯ ಶಾಫ್ಟ್ ಎರಡು ತುಂಡಿನದಾಗಿದ್ದರೆ ನಡುವಿನ ಬೇರಿಂಗ್ ರಬ್ಬರೂ ನೋಡು.

ಲೋಡ್ ಹಾಕಿದಾಗ ಜಾಸ್ತಿ ಅನ್ನುತ್ತೀಯ, ಹಾಗಾಗಿ ಹಿಂದಿನ ಪಟ್ಟಾ (ಲೀಫ್ ಸ್ಪ್ರಿಂಗ್) ನೋಡಲೇಬೇಕು. ಪಟ್ಟಾ ಕುಸಿದಿದ್ದರೆ, ಅದನ್ನು ಬಿಗಿದಿಡುವ ಯು ಬೋಲ್ಟ್ ಸಡಿಲ ಇದ್ದರೆ, ಎತ್ತುವಾಗ ಡಿಫರೆನ್ಷಿಯಲ್ ಮುಖ ಮೇಲಕ್ಕೆ ತಿರುಗುತ್ತದೆ. ಶಾಫ್ಟಿನ ಕೋನ ಕೆಟ್ಟು ನಡುಗುತ್ತದೆ. ಅದನ್ನು ಬಿಟ್ಟು ಬರೀ ಕ್ರಾಸ್ ಬದಲಾಯಿಸಿದರೆ ಪ್ರಯೋಜನ ಇಲ್ಲ.

ಶಾಫ್ಟ್ ಬಿಚ್ಚುವಾಗ ಎರಡೂ ಕಡೆ ಫ್ಲ್ಯಾಂಜಿಗೆ, ನಡುವಿನ ಜಾರು ತುದಿಗೂ ಪೇಂಟಿನಲ್ಲಿ ಗುರುತು ಹಾಕಿಸು. ಇದ್ದ ಹಾಗೇ ವಾಪಸ್ ಕೂರಬೇಕು. ಎರಡು ತುದಿಯ ಕವಲು ಒಂದೇ ಸಾಲಿನಲ್ಲಿ ಇರದಿದ್ದರೆ ಹೊಸ ಕ್ರಾಸ್ ಹಾಕಿದರೂ ಗಾಡಿ ನಡುಗುತ್ತದೆ. ಹೊಸ ಕ್ರಾಸಿನಲ್ಲಿ ಗ್ರೀಸ್ ನಿಪ್ಪಲ್ ಇದ್ದರೆ ನಾಲ್ಕೂ ಕಪ್‌ಗಳ ಅಂಚಿನಲ್ಲಿ ಗ್ರೀಸ್ ಕಾಣುವ ತನಕ ಗನ್ ಹೊಡೆಸು. ನೋಡಿ ಏನು ಕಂಡಿತು ಎಂದು ಇಲ್ಲೇ ಬರೆ.